ಓಟಗಾರರ ರಕ್ತದ ಲೆಕ್ಕ

ಗಂಟೆಗಟ್ಟಲೆ ಮೈ ದಣಿಸುವ ಓಟ ದೇಹದ ರೋಗನಿರೋಧಕ ಶಕ್ತಿಯನ್ನು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ನೂರಿಪ್ಪತ್ತು ವರ್ಷಕ್ಕೂ ಹಳೆಯ ಇತಿಹಾಸವಿದೆ. 1901ರ ಏಪ್ರಿಲ್ 19ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ನಡೆಯಿತು. ಆಗ ಆ ಓಟಕ್ಕೆ ಇನ್ನೂ ನಾಲ್ಕು ವರ್ಷ ತುಂಬುತ್ತಿತ್ತು. ದೂರ ಇಂದಿನ 42.195 ಕಿಲೋಮೀಟರ್ ಅಲ್ಲ, ಸುಮಾರು 40 ಕಿಲೋಮೀಟರ್. ಕೆನಡಾದ ಜಾಕ್ ಕ್ಯಾಫ್ರಿ ಎರಡೂವರೆ ಗಂಟೆಯೊಳಗೆ ಓಡಿ ಗೆದ್ದ. ಆ ಓಟದಲ್ಲಿದ್ದ ನಾಲ್ವರ ರಕ್ತವನ್ನು ರಾಲ್ಫ್ ಲಾರಾಬಿ ಎಂಬ ವೈದ್ಯ ಪರೀಕ್ಷಿಸಿ, 1902ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ.

ಆ ಕಾಲದಲ್ಲಿ ರಕ್ತಕಣ ಎಣಿಸುವುದು ಕಣ್ಣು ಮತ್ತು ತಾಳ್ಮೆಯ ಕೆಲಸವಾಗಿತ್ತು. ಬೆರಳ ತುದಿಯನ್ನೋ ಕಿವಿಯ ಹಾಲೆಯನ್ನೋ ಚುಚ್ಚಿ ಬಂದ ಹನಿಯನ್ನು ಗೆರೆ ಹಾಕಿದ ಸಪೂರ ಗಾಜಿನ ನಳಿಕೆಯಲ್ಲಿ ಹೀರಿಕೊಳ್ಳಬೇಕು. ಕೆಂಪು ಕಣಗಳನ್ನು ಕರಗಿಸುವ ದ್ರಾವಣ ಬೆರೆಸಿ ಅಲುಗಾಡಿಸಬೇಕು. ಚೌಕಚೌಕವಾಗಿ ಗೀರಿದ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಬಿಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದು ಚೌಕದಲ್ಲಿ ಉಳಿದ ಬಿಳಿ ಕಣಗಳನ್ನು ಎಣಿಸಿ, ಆ ಸಂಖ್ಯೆಯನ್ನು ಗುಣಿಸಬೇಕು. ಓಟದ ನಂತರ ಲಾರಾಬಿಗೆ ಸಿಕ್ಕ ಲೆಕ್ಕ ಓಟದ ಮುಂಚಿನದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಹೆಚ್ಚಿದ ಕಣಗಳಲ್ಲಿ ಬಹುಪಾಲು ನ್ಯೂಟ್ರೋಫಿಲ್‌ಗಳು, ಅಂದರೆ ಕೀವು ತುಂಬಿದ ಗಾಯದಲ್ಲಿ, ನ್ಯುಮೋನಿಯಾದಲ್ಲಿ ಏರುವ ಕಣಗಳು. ಜ್ವರವಿಲ್ಲದ, ಗಾಯವಿಲ್ಲದ, ಆರೋಗ್ಯವಂತ ಯುವಕರ ರಕ್ತ ಸೋಂಕು ತಗುಲಿದವರ ರಕ್ತದಂತೆ ಕಾಣುತ್ತಿತ್ತು. ದೇಹ ತನ್ನ ಸಹಜ ಮಿತಿಯನ್ನು ದಾಟಿ ಹೋದದ್ದರ ಗುರುತು ಇದೆಂದು ಲಾರಾಬಿ ತೀರ್ಮಾನಿಸಿದ. ಎಣಿಕೆ ಸರಿಯಾಗಿಯೇ ಇತ್ತು. ಇಂದಿನ ಯಂತ್ರಗಳೂ ಮ್ಯಾರಥಾನ್ ಮುಗಿಸಿದವರಲ್ಲಿ ಇದೇ ಏರಿಕೆಯನ್ನು ತೋರಿಸುತ್ತವೆ. ಆದರೆ ರಕ್ತನಾಳದಲ್ಲಿ ಸಿಕ್ಕ ಕಣಗಳ ಸಂಖ್ಯೆಯಿಂದ ದೇಹದ ಸ್ಥಿತಿಯನ್ನು ಅಳೆಯಬಹುದೆಂಬ ನಂಬಿಕೆ ಈ ವಿದ್ಯೆಯ ಬೆನ್ನಿಗೆ ಅಂದೇ ಅಂಟಿಕೊಂಡಿತು, ಮುಂದೆ ಸುಮಾರು ನೂರು ವರ್ಷ ಅದನ್ನು ಬಿಡಲಿಲ್ಲ.

ಅತಿಯಾದ ದಣಿವು ರೋಗಕ್ಕೆ ದಾರಿ ಎಂಬ ತಿಳಿವಳಿಕೆ ಸೂಕ್ಷ್ಮದರ್ಶಕಕ್ಕಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನ ಮಿತಿಮೀರಿದ ವ್ಯಾಯಾಮದಿಂದ ಬಳಲಿಕೆ, ಕ್ಷಯ, ಬಾಯಾರಿಕೆಗಳ ಜೊತೆಗೆ ಕೆಮ್ಮು, ಜ್ವರ, ವಾಂತಿಯೂ ಬರುತ್ತವೆ ಎನ್ನುತ್ತದೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬುದು ಸುಶ್ರುತನ ಕಟ್ಟಳೆ. ಏದುಸಿರು ಬಾಯಿಗೆ ಬರುವುದೇ ಆ ಅರ್ಧ ಮುಗಿದದ್ದರ ಲಕ್ಷಣ. ಗ್ರೀಕರ ಹಿಪೊಕ್ರೇಟಿಸ್ ಪರಂಪರೆಯೂ ಪಟುವಿನ ದೇಹ ತುತ್ತತುದಿಗೇರಿದ ಸ್ಥಿತಿ ಅಪಾಯಕರ, ಅದು ಅಲ್ಲೇ ನಿಲ್ಲಲಾರದು ಎಂದಿತ್ತು. ಇವೆಲ್ಲ ರೋಗಿಗಳನ್ನು ಕಣ್ಣಾರೆ ನೋಡಿದವರು ಕಂಡುಕೊಂಡ ನಿಯಮಗಳು. ಇಪ್ಪತ್ತನೆಯ ಶತಮಾನದ ವೈದ್ಯರು ಅವನ್ನೇ ಪ್ರಯೋಗದಿಂದ ಸಾಧಿಸಲು ಹೊರಟರು.

1918ರ ಮಹಾ ಇನ್‌ಫ್ಲುಯೆಂಜಾದ ಹೊತ್ತಿಗೆ ಅಮೆರಿಕದ ಬಾಲಕರ ಶಾಲೆಯೊಂದರ ಅನುಭವ ಬಾಸ್ಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿ ನ್ಯುಮೋನಿಯಾಕ್ಕೆ ತಿರುಗಿದ ಪ್ರಕರಣಗಳೆಲ್ಲ ಹೆಚ್ಚುಕಡಿಮೆ ಬಿರುಸಿನ ಆಟೋಟದಲ್ಲಿ ತೊಡಗಿದ್ದ ಹುಡುಗರವು ಎಂಬುದು ಅದರ ಸಾರ. ಮುಂದಿನ ದಶಕದಲ್ಲಿ ಇಲಿ, ಮೊಲಗಳ ಸರದಿ ಬಂತು. 1922ರಲ್ಲಿ ಆಪನ್‌ಹೈಮರ್ ಮತ್ತು ಸ್ಪೇತ್ ಇಲಿಗಳನ್ನು ದಣಿಸಿ ವಿಷಕ್ಕೂ ಸೋಂಕಿಗೂ ಒಡ್ಡಿದರು. ಆಗ ಕಾರ್ಖಾನೆ ಕಾರ್ಮಿಕರ ದಣಿವು ದೊಡ್ಡ ಸಾಮಾಜಿಕ ಪ್ರಶ್ನೆಯಾಗಿದ್ದರಿಂದ ಇಂಥ ಪ್ರಯೋಗಗಳು ಕ್ರೀಡೆಗಿಂತ ದುಡಿಮೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವು. ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಸೋಂಕಿಗೆ ಮೊದಲು ದಣಿಸಿದಾಗ ಒಂದು ಫಲ, ಸೋಂಕಿನ ನಂತರ ದಣಿಸಿದಾಗ ಇನ್ನೊಂದು. ಅಭ್ಯಾಸವಿದ್ದ ಪ್ರಾಣಿಯಲ್ಲಿ ಒಂದು, ಇಲ್ಲದ್ದರಲ್ಲಿ ಮತ್ತೊಂದು.

ಈ ಗೊಂದಲದ ನಡುವೆ ಒಂದು ವಿಷಯವನ್ನು ಸ್ಪಷ್ಟಪಡಿಸಿದ್ದು ಪೋಲಿಯೊ. ಬ್ರಿಟನ್ನಿನ ನರರೋಗ ತಜ್ಞ ರಿಚಿ ರಸೆಲ್ 1947 ಮತ್ತು 1949ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ರೋಗಿಗಳನ್ನು ಒಂದೇ ಪ್ರಶ್ನೆಯ ಸುತ್ತ ಕೂಲಂಕಷವಾಗಿ ವಿಚಾರಿಸಿದ್ದಾರೆ: ತಲೆನೋವು, ಕತ್ತುನೋವು ಶುರುವಾದ ಮೇಲೆ, ಕೈಕಾಲು ಸ್ವಾಧೀನ ತಪ್ಪುವ ಮೊದಲಿನ ಆ ಒಂದೆರಡು ದಿನ ಏನು ಮಾಡುತ್ತಿದ್ದಿರಿ? ಮೈ ಸರಿಯಿಲ್ಲವೆಂದು ಹಾಸಿಗೆ ಹಿಡಿದವರಲ್ಲಿ ಸ್ವಾಧೀನ ತಪ್ಪಿದ್ದು ಕಡಿಮೆ. ಲೆಕ್ಕಿಸದೆ ದುಡಿದವರು, ಆಟವಾಡಿದವರು, ಈಜಿದವರಲ್ಲಿ ರೋಗ ಉಗ್ರವಾಗಿತ್ತು. 1950ರಲ್ಲಿ ಅಮೆರಿಕದ ಡೊರೊಥಿ ಹಾರ್ಸ್ಟ್‌ಮನ್ ಬೇರೆ ರೋಗಿಗಳಲ್ಲಿ ಇದೇ ಸಂಬಂಧವನ್ನು ಕಂಡರು. ದಣಿವು ಪೋಲಿಯೊ ತರುತ್ತದೆ ಎಂದು ಇವರು ಹೇಳಲಿಲ್ಲ. ಆಗಲೇ ಒಳಹೊಕ್ಕ ವೈರಸ್ಸಿಗೆ ದಣಿವು ನೆರವಾಗುತ್ತದೆ ಎಂದರು. ಆರೋಗ್ಯವಂತ ದಣಿದರೆ ಸೋಂಕು ಹತ್ತುತ್ತದೆಯೇ ಎಂಬುದು ಒಂದು ಪ್ರಶ್ನೆ. ಸೋಂಕು ಹತ್ತಿದವನು ದಣಿದರೆ ಏನಾಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದು ಬಗೆದದ್ದರಿಂದಲೇ ಮುಂದಿನ ವಾದಗಳಲ್ಲಿ ಅರ್ಧ ಹುಟ್ಟಿಕೊಂಡವು.

1970ರ ದಶಕದವರೆಗೆ ದೂರದ ಓಟ ಕೆಲವೇ ಹಟವಾದಿಗಳ ಗೀಳು. ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಮೊದಲ ಸಲ ನಡೆದಾಗ ಹೊರಟವರು 127 ಮಂದಿ. ಆ ದಶಕ ಮುಗಿಯುವಷ್ಟರಲ್ಲಿ ಅದೇ ಓಟಕ್ಕೆ ಸಾವಿರಾರು ಜನ ಬರುತ್ತಿದ್ದರು. ಓಟ ಜನಸಾಮಾನ್ಯರ ಹವ್ಯಾಸವಾದಂತೆ ಅದರ ಸುತ್ತ ನಂಬಿಕೆಗಳೂ ಬೆಳೆದವು. ಮ್ಯಾರಥಾನ್ ಮುಗಿಸಬಲ್ಲವನಿಗೆ ಹೃದಯದ ರಕ್ತನಾಳ ಕಟ್ಟುವ ರೋಗ ಬರುವುದೇ ಇಲ್ಲ ಎಂದು ಥಾಮಸ್ ಬ್ಯಾಸ್ಲರ್ ಎಂಬ ಅಮೆರಿಕನ್ ವೈದ್ಯ ವಾದಿಸಿದ. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮತ್ತು ಸಂಗಡಿಗರು 1979ರಲ್ಲಿ, ಸತ್ತ ಮ್ಯಾರಥಾನ್ ಓಟಗಾರರ ಶವಪರೀಕ್ಷೆಯ ದಾಖಲೆಗಳಿಂದಲೇ ಅದನ್ನು ಅಲ್ಲಗಳೆದರು. ಓಡುವವರ ಬಾಯಲ್ಲಿ ಆಗ ಕೇಳಿಬರುತ್ತಿದ್ದ ಮಾತು ಬೇರೆಯೇ: ದಿನವೂ ಹದವಾಗಿ ಓಡಿದರೆ ನೆಗಡಿ ಹತ್ತಿರ ಸುಳಿಯದು, ದೊಡ್ಡ ಓಟ ಮುಗಿಸಿದ ವಾರವೇ ಗಂಟಲು ಕೆಡುತ್ತದೆ.

ಈ ಮಾತನ್ನು ಮೊದಲು ಅಂಕಿಯಲ್ಲಿ ಹಿಡಿದದ್ದು ದಕ್ಷಿಣ ಆಫ್ರಿಕಾದಲ್ಲಿ. ಅತಿದೂರದ ಓಟ ಅಲ್ಲಿ ನಾಡಹಬ್ಬದಂತೆ. ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಡರ್ಬನ್ ನಡುವಿನ ಸುಮಾರು 90 ಕಿಲೋಮೀಟರಿನ ಕಾಮ್ರೇಡ್ಸ್ ಓಟವನ್ನು ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ 1921ರಲ್ಲಿ ಆರಂಭಿಸಲಾಯಿತು. ಕೇಪ್‌ಟೌನ್‌ನ 56 ಕಿಲೋಮೀಟರಿನ ಟೂ ಓಷನ್ಸ್ ಓಟ 1970ರಿಂದ ನಡೆಯುತ್ತಿದೆ. 1982ರ ಟೂ ಓಷನ್ಸ್ ಓಟಗಾರರಲ್ಲಿ 150 ಮಂದಿಯನ್ನು ಈಡಿತ್ ಪೀಟರ್ಸ್ ಮತ್ತು ಎರಿಕ್ ಬೇಟ್‌ಮನ್ ಆರಿಸಿಕೊಂಡರು. ಹೋಲಿಕೆಗೆ ಅವರು ಆಯ್ದದ್ದು ಅದೇ ಓಟಗಾರರ ಮನೆಯಲ್ಲಿದ್ದ, ಹೆಚ್ಚುಕಡಿಮೆ ಅದೇ ವಯಸ್ಸಿನ, ಓಡದ ಇನ್ನೊಬ್ಬರನ್ನು. ಮನೆ ಒಂದೇ, ಊಟ ಒಂದೇ, ಮನೆಗೆ ಬರುವ ನೆಗಡಿಯೂ ಒಂದೇ, ಓಟವೊಂದೇ ವ್ಯತ್ಯಾಸ. ಈ ಇಡೀ ಶಾಸ್ತ್ರದಲ್ಲಿ ಇಷ್ಟು ಸರಳವಾಗಿ, ಇಷ್ಟು ಚೆನ್ನಾಗಿ ಹೂಡಿದ ಅಧ್ಯಯನಗಳು ಕಡಿಮೆ. ಓಟದ ನಂತರದ ಎರಡು ವಾರಗಳಲ್ಲಿ ಓಟಗಾರರಲ್ಲಿ ಶೇ 33.3ರಷ್ಟು ಮಂದಿಗೆ ಮೂಗು ಸೋರುವುದು, ಗಂಟಲು ನೋವು, ಕೆಮ್ಮು ಕಾಣಿಸಿಕೊಂಡಿತು. ಮನೆಯವರಲ್ಲಿ ಶೇ 15.3. ವೇಗವಾಗಿ ಓಡಿ ಮುಗಿಸಿದವರಲ್ಲಿ ಈ ತೊಂದರೆ ಇನ್ನೂ ಹೆಚ್ಚಿತ್ತು.

ಕ್ಯಾಲಿಫೋರ್ನಿಯಾದಲ್ಲಿದ್ದ, ತಾವೇ ಮ್ಯಾರಥಾನ್ ಓಟಗಾರರಾಗಿದ್ದ ಡೇವಿಡ್ ನೀಮನ್ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್‌ಗೆ ಹೆಸರು ಕೊಟ್ಟವರಲ್ಲಿ 2,311 ಮಂದಿಯ ಉತ್ತರಗಳನ್ನು ಕಲೆಹಾಕಿದ ಈ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಓಡಿದವರಲ್ಲಿ ಶೇ 12.9 ಮಂದಿ ಮುಂದಿನ ವಾರದಲ್ಲಿ ಕಾಯಿಲೆ ಬಿದ್ದೆವೆಂದರು. ಅವರಷ್ಟೇ ತರಬೇತಿ ಪಡೆದು, ಅನಾರೋಗ್ಯವಲ್ಲದ ಬೇರೆ ಕಾರಣಕ್ಕೆ ಓಡದೆ ಉಳಿದವರಲ್ಲಿ ಆ ಪ್ರಮಾಣ ಶೇ 2.2 ಮಾತ್ರ. ವಾರಕ್ಕೆ 96 ಕಿಲೋಮೀಟರಿಗಿಂತ ಹೆಚ್ಚು ಓಡಿ ತಯಾರಿ ನಡೆಸಿದವರಿಗೆ, 32 ಕಿಲೋಮೀಟರಿಗಿಂತ ಕಡಿಮೆ ಓಡಿದವರಿಗೆ ಹೋಲಿಸಿದರೆ, ಓಟಕ್ಕೂ ಮುಂಚಿನ ಎರಡು ತಿಂಗಳಲ್ಲಿ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು. ಅದೇ ನೀಮನ್ ಮೈಭಾರವಿದ್ದ, ವ್ಯಾಯಾಮವಿಲ್ಲದ ಮಹಿಳೆಯರನ್ನು ವಾರಕ್ಕೆ ಐದು ದಿನ 45 ನಿಮಿಷ ಬಿರುಸಾಗಿ ನಡೆಸಿದಾಗ, ಹದಿನೈದು ವಾರಗಳಲ್ಲಿ ಅವರ ನೆಗಡಿಯ ದಿನಗಳು ನಡೆಯದವರ ಅರ್ಧಕ್ಕಿಳಿದವು. ಇವೆರಡನ್ನೂ ಒಂದೇ ನಕ್ಷೆಯಲ್ಲಿ ಗೆರೆ ಎಳೆದರೆ ಇಂಗ್ಲಿಷಿನ 'ಜೆ' ಅಕ್ಷರದ ಆಕಾರ ಬರುತ್ತದೆ: ಕೂತವನಿಗೆ ನಡುಮಟ್ಟದ ಅಪಾಯ, ಹದವಾಗಿ ನಡೆಯುವವನಿಗೆ ಅತಿ ಕಡಿಮೆ, ಮಿತಿಮೀರಿ ಓಡುವವನಿಗೆ ಅತಿ ಹೆಚ್ಚು. ಮುಂದಿನ ಕಾಲು ಶತಮಾನ ಪಠ್ಯಪುಸ್ತಕ, ತರಬೇತುದಾರರ ಕೈಪಿಡಿ, ಪತ್ರಿಕೆಗಳ ಆರೋಗ್ಯ ಪುಟ ಎಲ್ಲೆಡೆ ಈ ಗೆರೆ ಹರಡಿತು.

ಗೆರೆಗೆ ಕಾರಣ ಹುಡುಕುವ ಕೆಲಸವನ್ನು ಪ್ರಯೋಗಾಲಯಗಳು ವಹಿಸಿಕೊಂಡವು. ಈ ವೇಳೆಗೆ ಬಿಳಿ ಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸುವ ಯಂತ್ರಗಳು ಬಂದಿದ್ದವು. ಓಟ ಶುರುವಾದ ಕೆಲವೇ ನಿಮಿಷಗಳಲ್ಲಿ ಅಡ್ರಿನಲಿನ್ ಏರಿ, ರಕ್ತದ ರಭಸ ಹೆಚ್ಚಿ, ನಾಳಗಳ ಗೋಡೆಗೆ ಅಂಟಿಕೊಂಡಿದ್ದ ಕಣಗಳು, ಗುಲ್ಮದಲ್ಲಿ ತಂಗಿದ್ದ ಕಣಗಳು ರಕ್ತಕ್ಕೆ ಇಳಿಯುತ್ತವೆ. ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ 'ನ್ಯಾಚುರಲ್ ಕಿಲ್ಲರ್' ಕಣಗಳು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚಾಗಿ ಏರುತ್ತವೆ. ಓಟ ನಿಂತ ಒಂದೆರಡು ಗಂಟೆಯಲ್ಲಿ ಇವೂ ಲಿಂಫೋಸೈಟ್ ಎಂಬ ಇದೇ ಗುಂಪಿನ ಉಳಿದ ಬಿಳಿ ಕಣಗಳೂ ಮೊದಲಿದ್ದ ಮಟ್ಟಕ್ಕಿಂತ ಕೆಳಗಿಳಿಯುತ್ತವೆ. ಆ ಹೊತ್ತಿಗೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿರುತ್ತದೆ, ಮೂಳೆಮಜ್ಜೆಯಿಂದ ಹೊಸ ನ್ಯೂಟ್ರೋಫಿಲ್‌ಗಳು ಬರುತ್ತಿರುತ್ತವೆ. ಲಾರಾಬಿ ಎಣಿಸಿದ ಏರಿಕೆ ಮುಖ್ಯವಾಗಿ ಇವುಗಳದ್ದೇ. ಡೆನ್ಮಾರ್ಕಿನ ಬೆಂಟೆ ಕ್ಲಾರ್ಲುಂಡ್ ಪೀಡರ್‌ಸನ್ ಈ ಇಳಿಕೆಯ ಹೊತ್ತನ್ನು 'ತೆರೆದ ಕಿಟಕಿ' ಎಂದು ಕರೆದರು. ಕೆಲವು ಗಂಟೆಗಳಿಂದ ಎರಡು-ಮೂರು ದಿನಗಳವರೆಗೆ ತೆರೆದಿರುವ ಈ ಕಿಟಕಿಯಿಂದ ಸೋಂಕು ನುಸುಳಬಹುದು ಎಂಬುದು ವಾದ. ಜೊಲ್ಲಿನಲ್ಲಿರುವ ಐಜಿಎ ಎಂಬ ಪ್ರತಿಕಾಯ ಹಿಮದ ಮೇಲೆ ಜಾರುವ ದೂರದ ಸ್ಪರ್ಧಿಗಳಲ್ಲಿ ಕಡಿಮೆ ಇರುವುದನ್ನು ಅಮೆರಿಕದ ತೊಮಾಸಿಯ ತಂಡ 1982ರಲ್ಲೇ ಕಂಡಿತ್ತು. ಬಾಯಿ-ಮೂಗಿನ ಒಳಪೊರೆಯನ್ನು ಕಾಯುವ ಈ ಪ್ರತಿಕಾಯ ತಗ್ಗಿದರೆ ನೆಗಡಿ ಹೆಚ್ಚುತ್ತದೆಂಬುದನ್ನು ಆಸ್ಟ್ರೇಲಿಯಾದ ಈಜುಪಟುಗಳ ಅಧ್ಯಯನಗಳು ಆಮೇಲೆ ಬೆಂಬಲಿಸಿದವು. 1993ರಲ್ಲಿ ಜರ್ಮನಿಯ ಪಾಡರ್‌ಬಾರ್ನ್‌ನಲ್ಲಿ ಈ ಸಂಶೋಧಕರೆಲ್ಲ ಸೇರಿದರು. ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಂಘ ಹುಟ್ಟಿತು.

ಪರಿಹಾರಗಳ ಹುಡುಕಾಟವೂ ನಡೆದಿತ್ತು. ಪೀಟರ್ಸ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಮ್ರೇಡ್ಸ್ ಓಟಗಾರರಿಗೆ ಮೂರು ವಾರ ದಿನಕ್ಕೆ 600 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟು ನೋಡಿದರು. ಹುಸಿಮಾತ್ರೆ ನುಂಗಿದವರಲ್ಲಿ ಶೇ 68, ವಿಟಮಿನ್ ನುಂಗಿದವರಲ್ಲಿ ಶೇ 33 ಮಂದಿಗೆ ನೆಗಡಿ, ಗಂಟಲು ನೋವು ಬಂತು. ಸಾಮಾನ್ಯ ಜನರಿಗೆ ನೆಗಡಿ ತಡೆಯುವಲ್ಲಿ ವಿಟಮಿನ್ ಸಿ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಅತಿಯಾದ ದಣಿವಿನಲ್ಲಿರುವ ಓಟಗಾರರು, ಸೈನಿಕರು ಮುಂತಾದವರ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಮಾತ್ರ ಅಪಾಯ ಅರ್ಧದಷ್ಟು ತಗ್ಗಿದ್ದು ಕಾಣುತ್ತದೆ. ಓಡುವಾಗ ಸಕ್ಕರೆ ಬೆರೆತ ಪಾನೀಯ ಕುಡಿದರೆ ಕಾರ್ಟಿಸಾಲ್ ಅಷ್ಟಾಗಿ ಏರುವುದಿಲ್ಲವೆಂದು ನೀಮನ್ ತೋರಿಸಿದರು; ಅದರಿಂದ ನೆಗಡಿ ಕಡಿಮೆಯಾಗುತ್ತದೆಂಬುದು ಸಿದ್ಧವಾಗಲಿಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಗೆರೆಯ ಬುಡವೇ ಅಲುಗಿತು. ಮೊದಲ ಏಟು ಬಿದ್ದದ್ದು 'ನೆಗಡಿ'ಯ ಮೇಲೆ. ಟೂ ಓಷನ್ಸ್‌ನಿಂದ ಲಾಸ್ ಏಂಜಲೀಸ್‌ವರೆಗೆ ಓಟಗಾರರು ಹೇಳಿದ್ದನ್ನೇ ಬರೆದುಕೊಳ್ಳಲಾಗಿತ್ತು. ಯಾರ ಗಂಟಲನ್ನೂ ಒರೆಸಿ ರೋಗಾಣು ಹುಡುಕಿರಲಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಸ್ಪೆನ್ಸ್ ಮತ್ತು ಸಂಗಡಿಗರು ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ನ ಮತ್ತು ಸೈಕಲ್ ಓಟದ ಸ್ಪರ್ಧಿಗಳ ಪ್ರತಿ ಕಾಯಿಲೆಯಲ್ಲೂ ಮಾದರಿ ತೆಗೆದು ಪರೀಕ್ಷಿಸಿದರು. ರೋಗಾಣು ಸಿಕ್ಕದ್ದು ಮೂರರಲ್ಲೊಂದಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಉಳಿದವು ತಂಪು ಒಣಗಾಳಿಯನ್ನು ಗಂಟೆಗಟ್ಟಲೆ ಬಾಯಿಂದ ಎಳೆದುಕೊಂಡ ಗಂಟಲಿನ ಉರಿಯೂತ, ಹೂವಿನ ಪರಾಗದ ಅಲರ್ಜಿ ಇದ್ದಿರಬಹುದು. ಸ್ಟಾಕ್‌ಹೋಮ್ ಮ್ಯಾರಥಾನ್‌ನ ಒಂದು ಅಧ್ಯಯನದಲ್ಲಿ ಓಟದ ನಂತರ ಕಾಯಿಲೆ ಹೇಳಿಕೊಳ್ಳುವಷ್ಟು ಹೆಚ್ಚಲೇ ಇಲ್ಲ. ನಾರ್ವೆಯ ಅಗ್ರ ಸ್ಕೀ ಪಟುಗಳ ಎಂಟು ವರ್ಷದ ದಿನಚರಿ ನೋಡಿದಾಗ, ಕಾಯಿಲೆಯ ಸಂಭವವನ್ನು ಹಲವು ಪಟ್ಟು ಹೆಚ್ಚಿಸಿದ್ದು ವಿಮಾನ ಪ್ರಯಾಣ. ಎಲ್ಲರಿಗಿಂತ ಹೆಚ್ಚು ಬೆವರು ಹರಿಸಿದ ಪದಕ ವಿಜೇತರು ಉಳಿದವರಿಗಿಂತ ಕಡಿಮೆ ದಿನ ಹಾಸಿಗೆ ಹಿಡಿದಿದ್ದರು. 'ಜೆ' ಆಕಾರದ ಗೆರೆ ಅವರಲ್ಲಿ ಮತ್ತೆ ಕೆಳಗೆ ಬಾಗುತ್ತದೆ.

ಎರಡನೆಯ ಏಟು ರಕ್ತದ ಲೆಕ್ಕಕ್ಕೇ ಬಿತ್ತು. ಓಟದ ನಂತರ ರಕ್ತದಿಂದ ಕಾಣೆಯಾದ ಲಿಂಫೋಸೈಟ್‌ಗಳು ಸತ್ತವೆಂದು ಬಹುಕಾಲ ಭಾವಿಸಲಾಗಿತ್ತು. 2008ರಲ್ಲಿ ಜರ್ಮನಿಯ ಕಾರ್ಸ್ಟನ್ ಕ್ರ್ಯೂಗರ್ ಮತ್ತು ಸಂಗಡಿಗರು ಹೊಳೆಯುವ ಬಣ್ಣ ಹಚ್ಚಿದ, ಲಿಂಫೋಸೈಟ್‌ಗಳ ಒಂದು ಬಗೆಯಾದ ಟಿ ಕಣಗಳನ್ನು ಇಲಿಗಳಿಗೆ ಸೇರಿಸಿ, ಅವನ್ನು ಓಡಿಸಿ, ಆ ಕಣಗಳು ಎಲ್ಲಿ ಹೋದವೆಂದು ಹುಡುಕಿದರು. ಶ್ವಾಸಕೋಶದಲ್ಲಿ, ಕರುಳಿನ ಗೋಡೆಯ ಲಿಂಫ್ ಗಂಟುಗಳಲ್ಲಿ, ಮೂಳೆಮಜ್ಜೆಯಲ್ಲಿ ಅವು ಸಿಕ್ಕವು. ಬಿತ್ತನೆಯ ಹೊತ್ತಿನಲ್ಲಿ ಊರಿನ ಬೀದಿ ಬಿಕೋ ಎನ್ನುತ್ತದೆ, ಜನ ಹೊಲದಲ್ಲಿರುತ್ತಾರೆ; ಈ ಕಣಗಳದ್ದೂ ಹಾಗೆಯೇ. ದಣಿದು ಬಿರುಸಾಗಿ ಉಸಿರೆಳೆದ ದೇಹದಲ್ಲಿ ರೋಗಾಣು ಮೊದಲು ಎದುರಾಗುವುದು ಶ್ವಾಸಕೋಶ ಮತ್ತು ಕರುಳಿನಲ್ಲೇ. 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಮತ್ತು ಜೇಮ್ಸ್ ಟರ್ನರ್ ಈ ಸಾಕ್ಷ್ಯಗಳನ್ನೆಲ್ಲ ಒಟ್ಟಿಗಿಟ್ಟು, ವ್ಯಾಯಾಮ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆಂಬುದು ಮಿಥ್ಯೆ ಎಂದು ನೇರವಾಗಿ ಬರೆದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. 2020ರಲ್ಲಿ ಎರಡೂ ಪಕ್ಷದವರು ಒಂದೇ ಲೇಖನದಲ್ಲಿ ಎದುರುಬದುರಾಗಿ ವಾದ ಮಂಡಿಸಿದರು. ಎರಡೂ ಕಡೆಗೆ ಒದಗುವ ಸಾಕ್ಷ್ಯವೊಂದು ಕೋಪನ್‌ಹೇಗನ್‌ನಿಂದ 1997ರಲ್ಲೇ ಬಂದಿತ್ತು. ಅರ್ಧ ಐರನ್‌ಮ್ಯಾನ್ ದೂರದ ಟ್ರಯಥ್ಲಾನ್ ಮುಗಿಸಿದವರಿಗೆ ಟೆಟನಸ್, ಡಿಫ್ತೀರಿಯಾ, ನ್ಯುಮೊಕಾಕಸ್ ಲಸಿಕೆ ಹಾಕಿದಾಗ ಸುಮ್ಮನೆ ಕೂತವರಷ್ಟೇ ಪ್ರತಿಕಾಯಗಳು ಹುಟ್ಟಿದ್ದವು. ಆದರೆ ಚರ್ಮದಡಿ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಅವರ ಪ್ರತಿಕ್ರಿಯೆ ಮಂದವಾಗಿತ್ತು. ನಿದ್ದೆಗೆಡುವುದು, ಊಟ ಸಾಲದಿರುವುದು, ಮನಸ್ಸಿನ ಒತ್ತಡ, ದೂರ ಪ್ರಯಾಣ, ಸಾವಿರಾರು ಜನರ ಜಂಗುಳಿ ಇವು ಓಟದ ಜೊತೆಗೇ ಬರುತ್ತವೆ, ಕಾಯಿಲೆಯಲ್ಲಿ ಇವುಗಳ ಪಾಲು ದೊಡ್ಡದು ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಪೋಲಿಯೊ ವಾರ್ಡುಗಳಲ್ಲಿ ಕಂಡ ಇನ್ನೊಂದು ಪ್ರಶ್ನೆಯ, ಅಂದರೆ ಸೋಂಕು ಹತ್ತಿದವನು ದಣಿದರೆ ಏನಾಗುತ್ತದೆ ಎಂಬುದರ, ಉತ್ತರ ಇಷ್ಟು ಓಲಾಡಲಿಲ್ಲ. 1970ರಲ್ಲಿ ಡೆಟ್ರಾಯಿಟ್‌ನ ಸಂಶೋಧಕರು ಹೃದಯದ ಸ್ನಾಯುವನ್ನು ಹಿಡಿಯುವ ಕಾಕ್ಸಾಕಿ ವೈರಸ್ ಸೋಂಕಿದ ಇಲಿಗಳನ್ನು ಬಲವಂತವಾಗಿ ಈಜಾಡಿಸಿದಾಗ ಹೃದಯದಲ್ಲಿ ವೈರಸ್ ನೂರಾರು ಪಟ್ಟು ಹೆಚ್ಚಿತು. ಸ್ವೀಡನ್ನಿನಲ್ಲಿ, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತ ಓಡುವ ಓರಿಯೆಂಟೀರಿಂಗ್‌ನ 16 ಯುವ ಸ್ಪರ್ಧಿಗಳು 1979ರಿಂದ 1992ರ ನಡುವೆ ಹಠಾತ್ತನೆ ಸತ್ತರು. ಹಲವರ ಹೃದಯದಲ್ಲಿ ಉರಿಯೂತದ ಗುರುತಿತ್ತು. ಸೋಂಕಿನ ಶಂಕೆಯಿಂದ ಅಗ್ರಮಟ್ಟದ ಸ್ಪರ್ಧೆಗಳನ್ನು ಸುಮಾರು ಆರು ತಿಂಗಳು ನಿಲ್ಲಿಸಲಾಯಿತು, ಮೈ ಸರಿಯಿಲ್ಲದಾಗ ಓಡಬಾರದೆಂದು ಸ್ಪರ್ಧಿಗಳಿಗೆ ಕಟ್ಟುನಿಟ್ಟಾಗಿ ಹೇಳಲಾಯಿತು. ಸಾವಿನ ಸರಣಿ ಅಲ್ಲಿಗೆ ನಿಂತಿತು. ಅದೇ ಹೊತ್ತಿಗೆ ಅಮೆರಿಕದ ಕ್ರೀಡಾವೈದ್ಯ ಎಡ್ವರ್ಡ್ ಐಕ್ನರ್ ಬಳಕೆಗೆ ತಂದ ಕತ್ತಿನ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ತೊಂದರೆ ಮೂಗು, ಗಂಟಲಿನಷ್ಟಕ್ಕೇ ಇದ್ದರೆ ಹಗುರ ವ್ಯಾಯಾಮ ಮಾಡಿ ನೋಡಬಹುದು, ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಕೂಡದು.

ಕೋವಿಡ್ ಬಂದಾಗ ಈ ಹಳೆಯ ಭಯ ಮರಳಿತು. 2020ರಲ್ಲಿ ಒಹಾಯೊದಲ್ಲಿ ಸೋಂಕಿನಿಂದ ಚೇತರಿಸಿಕೊಂಡ 26 ಕಾಲೇಜು ಪಟುಗಳ ಎಂಆರ್‌ಐ ತೆಗೆದಾಗ ನಾಲ್ವರಲ್ಲಿ ಹೃದಯಸ್ನಾಯುವಿನ ಉರಿಯೂತ ಕಂಡಿತು. ಮರುವರ್ಷ ಹಲವು ವಿಶ್ವವಿದ್ಯಾಲಯಗಳ 1,597 ಪಟುಗಳನ್ನು ಪರೀಕ್ಷಿಸಿದಾಗ ಆ ಸಂಖ್ಯೆ 37ಕ್ಕೆ, ಅಂದರೆ ಶೇ 2.3ಕ್ಕೆ ನಿಂತಿತು, ಅವರಲ್ಲಿ 28 ಮಂದಿಗೆ ಎದೆನೋವಿನಂಥ ಯಾವ ಲಕ್ಷಣವೂ ಇರಲಿಲ್ಲ. ಹೃದಯದ ಉರಿಯೂತ ಖಚಿತವಾದ ಪಟು ಮೂರರಿಂದ ಆರು ತಿಂಗಳು ಸ್ಪರ್ಧೆಯಿಂದ ದೂರವಿದ್ದು, ಪರೀಕ್ಷೆಗಳಲ್ಲಿ ಹೃದಯ ಸರಿಯಿದೆಯೆಂದು ತೋರಿದ ಮೇಲಷ್ಟೇ ಕಣಕ್ಕಿಳಿಯಬೇಕೆಂಬುದು ಹೃದ್ರೋಗ ತಜ್ಞರ ನಿಯಮವಾಗಿತ್ತು. ಕೋವಿಡ್‌ಗೂ ಅದನ್ನೇ ಅನ್ವಯಿಸಲಾಯಿತು.